ವೇದವ್ಯಾಸಾಚಾರ್ಯರ ಗೋಡೆ

ಮಳೆಗಾಲ ಹಿಡಿದ ಮೇಲೆ ವೇದವ್ಯಾಸಾಚಾರ್ಯರ ದಿಗಿಲೂ ಗೋಡೆಯ ಒದ್ದೆ ಕಲೆಯೂ ಜೊತೆಜೊತೆಗೇ ಬೆಳೆದವು. ಕರ್ನಾಟಕದಿಂದ ಕಾಶಿಗೆ ಬರುವ ಯಾತ್ರಿಕರಿಗೆ ಶ್ರಾದ್ಧ ಮಾಡಿಸಿ, ತಮ್ಮ ಬಾಡಿಗೆ ಮನೆಯಲ್ಲೇ ಇಳಿಸಿಕೊಳ್ಳುವುದು ಅವರ ಜೀವನೋಪಾಯ. ನಾಳೆ ರಾಯಚೂರಿನ ತಂಡ ಬರುವುದಿತ್ತು. ಇಂದು ನೋಡಿದರೆ ಅಟ್ಟದ ಕೆಳಗಿನ ಗಾರೆ ಹಪ್ಪಳದಂತೆ ಉಬ್ಬಿ ಉದುರುತ್ತಿದೆ.

ಎದುರು ಮನೆಯ ಶಂಭುಲಿಂಗಯ್ಯ ಕರೆಯದೆಯೇ ಬಂದು ಗೋಡೆ ತಟ್ಟಿ ನೋಡಿದರು. "ಮ್ಯಾಲಿನ ಬಚ್ಚಲಾ ಸೋರಾಕತ್ತೈತ್ರಿ ಆಚಾರ್ರ. ಮಾಲಕಗ ಹೇಳಿ ಒಡಸ್ರಿ."

"ಈ ಗೋಡೆ ಆಚೆ ನಮ್ಮ ಬಚ್ಚಲೂ ಇದೆಯಲ್ರೀ," ಎಂದರು ಹೆಂಡತಿ ಅಂಬುಜಾಕ್ಷಿ.

"ನಾವಿಬ್ರೂ ಸ್ನಾನ ಮಾಡೋದು ಘಾಟ್‌ನಲ್ಲಿ ಕಣೇ. ಅದು ಒಣಗಿ ಬಿದ್ದಿದೆ," ಎಂದು ಆಚಾರ್ಯರು ಮಹಡಿ ಹತ್ತಿದರು. ಶಂಭುಲಿಂಗಯ್ಯನವರೂ ಬೆನ್ನಿಗೇ ಹೊರಟರು.

ಮಹಡಿಯಲ್ಲೇ ವಾಸವಿದ್ದ ಮಾಲೀಕ ಪಾಂಡೇಜಿ ಪಾನ್ ಜಗಿಯುತ್ತ ಎಲ್ಲವನ್ನೂ ಕೇಳಿಸಿಕೊಂಡು ಹಿಂದಿಯಲ್ಲಿ ಹೇಳಿದರು: "ಒಡೆಸೋಣ ಪಂಡಿತ್‌ಜಿ. ಆದರೆ ಸೋರಿಕೆ ಸಿಗದಿದ್ದರೆ ನೀವು ಮನೆ ಖಾಲಿ ಮಾಡಬೇಕು."

ಆಚಾರ್ಯರು ನಾಳೆಯ ತಂಡವನ್ನು ನೆನೆದು ಹಿಂಜರಿದರು. ಅಷ್ಟರಲ್ಲಿ ಶಂಭುಲಿಂಗಯ್ಯನವರು ಅವರ ಪರವಾಗಿ ಒಪ್ಪಿಕೊಂಡೂ ಬಿಟ್ಟಿದ್ದರು.

ಗಾರೆಯವನು ಬಂದು ಬಚ್ಚಲ ನೆಲವನ್ನೆಲ್ಲ ಅಗೆದ. ಕೆಳಗೆ ಸಿಕ್ಕಿದ್ದು ರಂಗೋಲಿ ಪುಡಿಯಂಥ ಒಣ ಮಣ್ಣು. ಶಂಭುಲಿಂಗಯ್ಯನವರಿಗೆ ಮಠದಲ್ಲಿ ಏನೋ ಕೆಲಸ ನೆನಪಾಯಿತು.

ಕೆಳಗಿಳಿದ ಆಚಾರ್ಯರು ಕೊನೆಯ ಆಸೆಯಿಂದ ಅಟ್ಟಕ್ಕೆ ಏಣಿ ಹಾಕಿದರು. ಯಾತ್ರಿಕರಿಗೆ ಕೊಡಲು ಗಂಗೆ ತುಂಬಿಟ್ಟ ತಾಮ್ರದ ಗಿಂಡಿಗಳು ಅಲ್ಲಿದ್ದವು. ಬೇಸಿಗೆಯಲ್ಲಿ ಬೆಸುಗೆಯವನು ಸಿಗದೆ, ಆಚಾರ್ಯರು ತಾವೇ ಅವುಗಳ ಬಾಯಿಗೆ ಮೇಣ ಮೆತ್ತಿ, ಜಾಗ ಸಾಲದೆಂದು ಅಡ್ಡ ಮಲಗಿಸಿದ್ದರು. ಒಂದನ್ನು ಎತ್ತಿದರು. ಹಗುರ. ಎಲ್ಲವೂ ಹಗುರವೇ. ಕಾಶಿಯ ಸೆಕೆಗೆ ಮೇಣ ಸಡಿಲಗೊಂಡು, ನೀರು ಇಷ್ಟು ದಿನವೂ ಹನಿಹನಿಯಾಗಿ ಗೋಡೆಗೆ ಇಳಿದಿತ್ತು.

"ನಿಲ್ಲಿಸಿ ಇಡೀಂತ ಬಡ್ಕೊಂಡೆ," ಎಂದರು ಅಂಬುಜಾಕ್ಷಿ.

ಹಿಂದೆಯೇ ಬಂದಿದ್ದ ಪಾಂಡೇಜಿ ಕೇಳಿದರು: "ಸೋರಿದ್ದು ಏನು?"

"ಗಂಗೆ," ಎಂದರು ಆಚಾರ್ಯರು, ಗಂಟುಮೂಟೆ ಕಟ್ಟುವ ಯೋಚನೆಯಲ್ಲಿ.

ಪಾಂಡೇಜಿ ಚಪ್ಪಲಿ ಕಳಚಿ, ಕಲೆಗೆ ಕೈಮುಗಿದರು. "ಗಂಗಾಜಿ ತಾನಾಗಿ ನನ್ನ ಮನೆಗೆ ಬಂದಿದ್ದಾಳೆ. ನೀವೆಲ್ಲಿಗೂ ಹೋಗಬೇಡಿ. ಈ ಗಾರೆಯನ್ನು ಮಾತ್ರ ಯಾರೂ ಮುಟ್ಟಕೂಡದು."

ಆಚಾರ್ಯರ ಕಣ್ಣು ತುಂಬಿ ಬಂತು. ಮನೆ ಉಳಿಯಿತು.

"ನಮ್ಮ ಬಚ್ಚಲು ಸರಿಹೋಗುವ ತನಕ ನಮ್ಮವರೆಲ್ಲ ನಿಮ್ಮದರಲ್ಲೇ ಸ್ನಾನ ಮಾಡ್ತಾರೆ," ಎಂದು ಪಾಂಡೇಜಿ ಸೇರಿಸಿದರು.

ಪಾಂಡೇಜಿಯದು ತುಂಬು ಕುಟುಂಬ. ಮರುದಿನ ಬೆಳಗಿನಿಂದ ಗೋಡೆಯಾಚೆ ಬಕೆಟ್ಟಿನ ಮೇಲೆ ಬಕೆಟ್ಟು ಸುರಿಯಿತು. ರಾಯಚೂರಿನವರು ಬಾಗಿಲಿಗೆ ಬರುವ ಹೊತ್ತಿಗೆ ನೆಲದಿಂದೆದ್ದ ಹೊಸ ಕಲೆ ಮೇಲಿನ ಕಲೆಯನ್ನು ಮುಟ್ಟಿತ್ತು. ಒದ್ದೆ ತಲೆಯಲ್ಲೇ ಬಂದ ಪಾಂಡೇಜಿ ಅದಕ್ಕೆ ಹೂವೇರಿಸಿ, ಭಕ್ತಿಯಿಂದ ಹೇಳಿದರು:

"ಗಂಗಾಜಿ ಏರುತ್ತಿದ್ದಾಳೆ, ಪಂಡಿತ್‌ಜಿ."