ಅವ್ವನ್ನ ಯಾಕ ಕಟ್ ಮಾಡೀರಿ?

ಮದುವೆ ವಿಡಿಯೊ ಮಿಕ್ಸಿಂಗ್ ಮಾಡುವವನ ಅಂಗಡಿಗೆ ನಗುತ್ತಾ ಬಂದವರನ್ನು ಮೊನ್ನೆ ಮೊನ್ನೆಯವರೆಗೆ ನಾನಂತೂ ಕಂಡಿರಲಿಲ್ಲ. ಬರುವವರೆಲ್ಲ ಜಗಳವನ್ನು ಬಗಲಲ್ಲೇ ಇಟ್ಟುಕೊಂಡು ಬರುತ್ತಾರೆ. ಹಾನಗಲ್ಲಿನ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ದಿನವಿಡೀ ನಡೆದ ಮದುವೆಯನ್ನು ಎರಡು ತಾಸಿಗೆ ಇಳಿಸಿ, ಹಾಡು ಹಾಕಿ, ಸುತ್ತಲೂ ಹೂವಿನ ಚೌಕಟ್ಟು ಕೂರಿಸಿ ಕೊಡುವುದು ನನ್ನ ಕಸುಬು. ಇಳಿಸುವುದೆಂದರೆ ಕತ್ತರಿಸುವುದು. ಕತ್ತರಿಸಿದರೆ ಯಾರದೋ ಮಾವ ಹೋಗುತ್ತಾನೆ, ಯಾರದೋ ದೊಡ್ಡಪ್ಪ ಅರ್ಧ ಮುಖವಾಗುತ್ತಾನೆ. ಆಮೇಲೆ ಮನೆಮಂದಿಯೆಲ್ಲ ಬಂದು, "ನಮ್ಮವರನ್ನ ಯಾಕ ಕಟ್ ಮಾಡೀರಿ?" ಎಂದು ನಿಲ್ಲುತ್ತಾರೆ.

ಶಿಗ್ಗಾಂವಿಯ ಒಂದು ಮನೆಯವರಂತೂ ನನ್ನ ಮೇಲೆ ಬಹಳ ದಿನ ಮುನಿದಿದ್ದರು. ಅವರ ಮನೆಯ ಹಿರಿಸೊಸೆ, ಎಲ್ಲರೂ ವೈನಿ, ಅಂದರೆ ಅತ್ತಿಗೆ, ಎನ್ನುವ ಹೆಂಗಸು, ಮದುವೆಯ ದಿನ ಪಂಕ್ತಿಯ ಮೇಲೆ ಪಂಕ್ತಿ ಹೋಳಿಗೆ ಬಡಿಸಿದ್ದಳು. ನನ್ನ ವಿಡಿಯೊದಲ್ಲಿ ಬಂದದ್ದು ಅವಳ ಬೆನ್ನು ಮಾತ್ರ. ಅವಳ ಮೈದುನ ಬಂದು ನನ್ನ ಮೇಜು ಗುದ್ದಿ, "ದಿನಾಪೂರ್ತಿ ದುಡದಾಕಿದು ಬೆನ್ನ ತೋರಸ್ತೀರೇನ್ರಿ?" ಎಂದು ಕೇಳಿ ಹೋಗಿದ್ದ. ಮೇಜಿನ ಒಂದು ಕಾಲು ಅವತ್ತಿನಿಂದ ಅಲ್ಲಾಡುತ್ತಿದೆ.

ಹೋದ ಆಷಾಢದಲ್ಲಿ ಮದುವೆಗಳಿಲ್ಲದೆ ಸುಮ್ಮನೆ ಕುಳಿತಿದ್ದಾಗ ನನಗೊಂದು ಯೋಚನೆ ಬಂತು. ನೂರು ವರ್ಷದ ಹಿಂದೆ ಯಾವುದೋ ದೂರದ ದೇಶದಲ್ಲಿ ತೆಗೆದ ಮಕ್ಕಳ ಮೂಕಿ ಹಾಸ್ಯಚಿತ್ರಗಳು ಸಿಕ್ಕಿದ್ದವು. ಎಲ್ಲ ತುಣುಕು ತುಣುಕು. ಮಾತಿಲ್ಲ, ಬಣ್ಣವಿಲ್ಲ, ಹಕ್ಕು ಕೇಳುವವರೂ ಇಲ್ಲ. ಮುಖ್ಯವಾಗಿ, ಅದರಲ್ಲಿರುವ ಯಾರಿಗೂ ನಮ್ಮ ನಾಲ್ಕು ತಾಲೂಕಿನಲ್ಲಿ ಸಂಬಂಧಿಕರಿಲ್ಲ. ನಡುವೆ ಬರುವ ಇಂಗ್ಲಿಷ್ ಫಲಕಗಳನ್ನು ಕಿತ್ತು, ತುಣುಕುಗಳನ್ನು ಜೋಡಿಸಿ, ನನ್ನಲ್ಲಿದ್ದ ಮದುವೆಯ ಬಾಜಾ ಹಾಕಿದೆ. ಕೈಯ ಅಭ್ಯಾಸಕ್ಕೆ ಮೊದಲಿಗೆ ಗಣಪತಿ, ಕೊನೆಗೆ 'ಶುಭಂ' ಕೂಡ ಬಂದವು. 'ಓಣಿ ಹುಡುಗರು' ಎಂದು ಹೆಸರಿಟ್ಟು, ಡಿವಿಡಿ ಇದ್ದವರಿಗೆ ಡಿವಿಡಿ, ಇಲ್ಲದವರಿಗೆ ಪೆನ್ ಡ್ರೈವ್ ಮಾಡಿ ಮಾರಲು ಕುಳಿತೆ. ಇನ್ನು ಮೇಲೆ ಜಗಳವಿಲ್ಲ ಅಂದುಕೊಂಡೆ. ನನಗೆ ಬುದ್ಧಿ ಬರುವುದು ಯಾವಾಗಲೂ ತಡ.

ಅಕ್ಕಿಕಾಳು

ಮೊದಲ ಗಿರಾಕಿ ಅಕ್ಕಿಆಲೂರಿನ ಒಂದು ರೈಸ್ ಮಿಲ್ಲಿನ ಸಾಹುಕಾರರು. ಊಟದ ಬಿಡುವಿನಲ್ಲಿ ಹಮಾಲರು ನೋಡಿ ನಗಲಿ ಎಂದು ಡಿವಿಡಿ ಒಯ್ದರು. ಒಳ್ಳೆಯ ಮನಸ್ಸು. ಮರುದಿನವೇ ಅದನ್ನು ಹಿಡಿದುಕೊಂಡು ವಾಪಸ್ ಬಂದರು.

"ಏನ್ರಿ, ಎಂಥಾದ್ದು ಕೊಟ್ಟೀರಿ ಇದು?"

"ಮಾತಿಲ್ಲ ಅಂತೇನ್ರಿ? ಮೂಕಿ ಚಿತ್ರರಿ ಅದು, ಮೊದಲಽ ಹೇಳಿದ್ನಲ್ರಿ."

"ಮಾತು ಇಲ್ದಿದ್ರ ಹಾಳಾಗಿ ಹೋಗ್ಲಿ. ಬಾಜಾ ಯಾಕ ಹಾಕೀರಿ?"

ಕೊನೆಯಲ್ಲಿ ಮಕ್ಕಳು, ನಾಯಿ, ಪೊಲೀಸಪ್ಪ ಎಲ್ಲರೂ ಒಬ್ಬರ ಹಿಂದೊಬ್ಬರು ಓಡುವ ದೃಶ್ಯವಿದೆ. ಅದಕ್ಕೆ ಜೋರು ಸಂಗೀತ ಬೇಕಿತ್ತು. ನನ್ನ ಹತ್ತಿರ ಇದ್ದದ್ದರಲ್ಲಿ ಎಲ್ಲಕ್ಕಿಂತ ಜೋರು ಎಂದರೆ ತಾಳಿ ಕಟ್ಟುವ ಹೊತ್ತಿನ ಬಾಜಾ. ಅದನ್ನೇ ಹಾಕಿದ್ದೆ. ಬಾಜಾ ಜೋರಾದ ಕೂಡಲೆ ಅಷ್ಟೂ ಹಮಾಲರು ಉಣ್ಣುವುದು ಬಿಟ್ಟು ಎದ್ದು ನಿಂತರಂತೆ. ಅದು ರೈಸ್ ಮಿಲ್ಲು, ಕೈ ಚಾಚಿದಲ್ಲಿ ಅಕ್ಕಿ. ಹಿಡಿ ಹಿಡಿ ತೆಗೆದು, ಮದುವೆಯ ಅಕ್ಷತೆಯಂತೆ, ಟೀವಿಯ ಮೇಲೆ ಅಕ್ಕಿಕಾಳು ಹಾಕಿದರಂತೆ. ಟೀವಿಯ ಸಂದಿಯಲ್ಲೆಲ್ಲ ಅಕ್ಕಿ ಹೊಕ್ಕು, ಈಗ ಅದು ಹಚ್ಚಿದರೆ ಹತ್ತುವುದಿಲ್ಲ.

"ನೀವರ ಬ್ಯಾಡ ಅನ್ನಬೇಕಿಲ್ಲೇನ್ರಿ?" ಎಂದೆ.

ಸಾಹುಕಾರರು ಡಿವಿಡಿಯನ್ನು ನನ್ನ ಮೇಜಿನ ಮೇಲೆ ಇಟ್ಟರು. "ಹೆಂಗ ಅನ್ಲಿ? ಮೊದಲನೇ ಹಿಡಿ ಒಗದಾಂವ ನಾನಽ" ಎಂದರು.

ಉಪ್ಪಿಟ್ಟು

ಸವಣೂರಿನಿಂದ ಅಂಗನವಾಡಿಯ ಅಕ್ಕೋರು ಬಂದರು. ಅವರದು ಬೇರೆ ದೂರು. ಚಿತ್ರದಲ್ಲಿ ಒಬ್ಬ ಡುಮ್ಮ ಹುಡುಗ ಡಬ್ಬಿಯಿಂದ ಹಿಟ್ಟು ತೆಗೆದು ಎಲ್ಲರ ಮುಖಕ್ಕೆ ಎರಚುತ್ತಾನೆ. ಅದನ್ನು ನೋಡಿದ ಮಕ್ಕಳು ಅಂಗನವಾಡಿಯ ಪೌಷ್ಟಿಕ ಹಿಟ್ಟನ್ನೆಲ್ಲ ಅಕ್ಕೋರ ಮುಖಕ್ಕೆ ಎರಚಿದ್ದವು. ಅವತ್ತೇ ಮೇಲಿನ ಮೇಡಂ ತಪಾಸಣೆಗೆ ಬಂದು, ಎದುರಿಗೆ ನಿಂತ ಅಕ್ಕೋರನ್ನೇ, "ಅಕ್ಕೋರು ಎಲ್ಲಿ?" ಎಂದು ಕೇಳಿದರಂತೆ.

"ಆ ಡುಮ್ಮ ಕಡೀಕೆ ತನ್ನ ತಪ್ಪು ತಿದ್ದಿಕೊಳ್ಳೂ ಹಂಗ ಮಾಡಿ ಕೊಡ್ರಿ ಸರ. ಮಕ್ಕಳಿಗೆ ನೀತಿ ಬೇಕು" ಎಂದರು ಅಕ್ಕೋರು.

ಅವನು ಎರಚಿ ನೂರು ವರ್ಷವಾಗಿದೆ, ಈಗ ಎಲ್ಲಿಂದ ತಿದ್ದುವುದು? ಆದರೆ ಅಕ್ಕೋರು ಕುರ್ಚಿಯಿಂದ ಏಳುವ ಲಕ್ಷಣವಿರಲಿಲ್ಲ. ಕೊನೆಗೆ ಆ ದೃಶ್ಯವನ್ನು ಒಮ್ಮೆ ಸರಿಯಾಗಿ ತೋರಿಸಿ, ಮತ್ತೆ ಅದನ್ನೇ ಹಿಂದುಮುಂದಾಗಿ ಓಡಿಸಿದೆ. ಈಗ ಹಿಟ್ಟು ಮುಖಗಳಿಂದ ಹಾರಿ ಡುಮ್ಮನ ಕೈಗೆ ಬರುತ್ತದೆ, ಅವನು ಅದನ್ನು ನೀಟಾಗಿ ಡಬ್ಬಿಗೆ ಹಾಕಿ, ಹಿಂದೆ ಹಿಂದೆ ನಡೆಯುತ್ತಾ ಹೋಗುತ್ತಾನೆ. ಅಕ್ಕೋರು ಕೈಮುಗಿದು ಹೋದರು. ಜೀವನದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತು.

ಒಂದು ವಾರ ಕಳೆದು ಅವರ ಫೋನು ಬಂತು.

"ಸರ, ಮಕ್ಕಳು ಹಿಟ್ಟು ಎರಚೂದು ಬಿಟ್ಟಾವ್ರಿ."

"ಚೊಲೊ ಆತಲ್ರಿ."

"ಏನ್ ಚೊಲೊ ಬಂತ್ರಿ? ಈಗ ಉಪ್ಪಿಟ್ಟು ಕೊಟ್ರ ಅರ್ಧಾ ಅಗದು, ಬಾಯಾಗಿಂದು ತಗದು ತಾಟಿಗೆ ಇಟ್ಟು, ಹಿಂದ ಹಿಂದ ನಡಕೊಂತ ಮನೀಗೆ ಹೊಂಟಾವು."

ಅವ್ವ

ಇಷ್ಟಾದರೂ ನಾನು ಅಂಗಡಿಗೆ ಬೀಗ ಹಾಕಲಿಲ್ಲ. ಹಾಕಬೇಕಿತ್ತು. ಒಂದು ಸಂತೆಯ ದಿನ ಹಿರೇಕೆರೂರು ಕಡೆಯ ಹಂಸಭಾವಿಯಿಂದ ಒಬ್ಬ ಅಜ್ಜಿ ಬಂದಳು. ಕೈಚೀಲದಿಂದ ಪೆನ್ ಡ್ರೈವ್ ತೆಗೆದು ಮೇಜಿನ ಮೇಲೆ ಇಟ್ಟಳು.

"ತಮ್ಮಾ, ಆ ಹುಡುಗನ ಅವ್ವನ್ನ ಯಾಕ ಕಟ್ ಮಾಡೀದಿ?"

"ಯಾವ ಹುಡುಗ್ರಿ ಅಜ್ಜಿ?"

"ಅದಽ, ದೊಡ್ಡ ಟೊಪಗಿ ಹಾಕ್ಕೊಂಡದ್ದು. ಹಸಗೊಂಡು ಬಾಗಲಾ ಬಾಗಲಾ ತಿರಗತೈತಿ. ಯಾರೂ ಒಂದು ತುತ್ತು ಹಾಕೂದಿಲ್ಲ."

"ಅವಗ ಅವ್ವನಽ ಇಲ್ರಿ ಚಿತ್ರದಾಗ. ನಾ ಕಟ್ ಮಾಡಿಲ್ಲ."

"ನೀ ಮಾಡಿಲ್ಲ? ನಮ್ಮ ತಂಗೀ ಮಗಳ ಲಗ್ನದಾಗ ನನ್ನ ಕಟ್ ಮಾಡಿದಾಂವ ನೀನಽ ಅಲ್ಲೇನು?"

ನಾನು ಕೈ ಹಾಕುವ ಮೊದಲಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ಪೂರ್ತಿ ತೋರಿಸಿದೆ. ಅಜ್ಜಿ ಕಣ್ಣು ಮಿಟುಕಿಸದೆ ನೋಡಿ, "ಇದರಾಗೂ ಕಟ್ ಮಾಡೀದಿ" ಎಂದಳು.

ಆಮೇಲೆ ವಿಷಯ ಹೊರಬಂತು. ಅಜ್ಜಿಯ ಮಗಳು ಎರಡನೇ ಹೆರಿಗೆಗೆಂದು ಹುಬ್ಬಳ್ಳಿಯ ಆಸ್ಪತ್ರೆ ಸೇರಿದ್ದಳು. ಕೂಸು ದಿನ ತುಂಬುವ ಮೊದಲೇ ಹುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿತ್ತು. ತಾಯಿ ಅದರ ಪಕ್ಕ ಬಿಟ್ಟು ಕದಲುವಂತಿರಲಿಲ್ಲ. ಹಿರಿಯ ಹುಡುಗಿ, ಇನ್ನೂ ಶಾಲೆಗೆ ಹೋಗದ ಪುಟ್ಟದು, ಅಜ್ಜಿಯ ಹತ್ತಿರ ಉಳಿದಿತ್ತು. ಬೇಸರ ಕಳೆಯಲಿ ಎಂದು ಅಜ್ಜಿ ನನ್ನ 'ಓಣಿ ಹುಡುಗರು' ಹಚ್ಚಿ ಕೂರಿಸಿದ್ದಳು. ಹುಡುಗಿ ಅದನ್ನು ನೋಡಿದ್ದೇ, "ಆ ಹುಡುಗನ ಅವ್ವ ಬಂದು ಉಣಸಿದ ಮ್ಯಾಲೆ ನಾನೂ ಉಣ್ತೇನಿ" ಎಂದು ಹಟ ಹಿಡಿದಿತ್ತು. ಹಾಲು ಬಿಸ್ಕೀಟಿನ ಮೇಲೆ ದಿನ ನೂಕುತ್ತಿತ್ತು.

"ಮೈಯಾಗ ಏನೂ ಉಳದಿಲ್ಲ ತಮ್ಮಾ. ಅವರವ್ವ ಫೋನ್ ಮಾಡಿದ್ರ ನಾ ಏನ್ ಹೇಳ್ಲಿ?" ಎನ್ನುತ್ತಾ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಜಗಳಕ್ಕೆ ಬಂದವರು ಅತ್ತರೆ ನನಗೆ ತಡೆಯಲಾಗುವುದಿಲ್ಲ. ಜಗಳವೇ ವಾಸಿ.

ಒಳಗಿನಿಂದ ಎಲ್ಲ ಕೇಳಿಸಿಕೊಂಡ ನನ್ನ ಹೆಂಡತಿ ಚಹಾ ತಂದಿಟ್ಟು, "ಅದಕೇನ್ರಿ, ಒಬ್ಬಾಕಿ ಅವ್ವನ್ನ ತಂದು ಹಾಕ್ರಿ. ಲಗ್ನಕ್ಕ ಬರಲಾರದ ಮಾವಂದಿರನ್ನ ಫೋಟೋದಾಗ ತಂದು ನಿಲ್ಲಸೂದಿಲ್ಲೇನು ನೀವು?" ಎಂದಳು. ಅವಳಿಗೆ ನನ್ನ ಕಸುಬು ನನಗಿಂತ ಸಲೀಸು.

ಹಳೆಯ ಮದುವೆಗಳನ್ನೆಲ್ಲ ಕೆದಕಿದೆ. ಶಿಗ್ಗಾಂವಿಯ ವೈನಿ ಸಿಕ್ಕಳು. ನಾನು ಕತ್ತರಿಸಿ ಮೂಲೆಗೆ ಹಾಕಿದ್ದ ಭಾಗದಲ್ಲಿ ಅವಳ ಮುಖ ಪೂರ್ತಿ ಇತ್ತು. ಸೊಂಟಕ್ಕೆ ಸೆರಗು ಸಿಕ್ಕಿಸಿ, ಬಗ್ಗಿ, ಯಾವುದೋ ಮಗುವಿನ ಮುಂದೆ ಹೋಳಿಗೆ ಇಟ್ಟು, ಅದರ ಗಲ್ಲ ಹಿಡಿದು, ಉಣ್ಣು ಉಣ್ಣು ಎನ್ನುತ್ತಿದ್ದಳು. ಇಂಥ ಮುಖ ಬಿಟ್ಟು ನಾನು ಬೆನ್ನು ಇಟ್ಟುಕೊಂಡಿದ್ದೆನಲ್ಲ, ಮೇಜು ಗುದ್ದಿದ್ದೇ ಕಡಿಮೆ ಅನ್ನಿಸಿತು. ಅದರ ಬಣ್ಣ ತೆಗೆದೆ, ವೇಗ ಹೆಚ್ಚಿಸಿದೆ, ಹಳೆಯ ಚಿತ್ರದಂತೆ ಗೀರುಗಳನ್ನು ಎಳೆದೆ. ಹೋಳಿಗೆ ಆದ ಮೇಲೆ ಅವಳು ತುಪ್ಪ ಹಾಕುತ್ತಾಳೆ, ಆದರೆ ಅಲ್ಲಿ ಹಿಂದೆ ಒಬ್ಬ ಮೊಬೈಲ್ ಹಿಡಿದು ಮಾತಾಡುತ್ತಾ ನಿಂತಿದ್ದ. ಆ ಕಾಲದಲ್ಲಿ ಮೊಬೈಲ್ ಎಲ್ಲಿತ್ತು? ತುಪ್ಪದ ಸಮೇತ ಅವನನ್ನು ಕಟ್ ಮಾಡಿದೆ. ಟೊಪ್ಪಿಗೆಯ ಹುಡುಗ ಬಾಗಿಲು ಬಡಿಯುತ್ತಾನೆ, ವೈನಿ ಹೋಳಿಗೆ ಬಡಿಸುತ್ತಾಳೆ, ಹುಡುಗ ಬಾಯಿ ಒರೆಸಿಕೊಳ್ಳುತ್ತಾನೆ. ಶುಭಂ.

ಪೆನ್ ಡ್ರೈವ್ ಒಯ್ದ ಮರುದಿನ ಅಜ್ಜಿಯ ಫೋನು ಬಂತು. "ಉಂಡ್ಲಪಾ! ತಾಟು ತುಂಬ ಉಂಡ್ಲು. 'ನೋಡು, ಅವನ ಅವ್ವ ಬಂದ್ಲು, ನಮ್ಮವ್ವನೂ ಬರ್ತಾಳ' ಅಂದ್ಲು." ಆಮೇಲೆ, "ಅಂದ್ರ ನೀ ಕಟ್ ಮಾಡಿದ್ದು ಖರೇನಽ ಆತು ನೋಡು" ಎಂದು ಫೋನ್ ಇಟ್ಟಳು.

ತುಪ್ಪ

ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ. ಮಗಳಿಗೂ ಸಮಾಧಾನವಾಗಲಿ ಎಂದು ಅದನ್ನು ಯಾರದೋ ಫೋನಿಗೆ ಹಾಕಿಸಿಕೊಂಡು ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದಳು. ವಾರ್ಡಿನವರೆಲ್ಲ ಸುತ್ತ ನೆರೆದು ನೋಡಿದರು. ಪಕ್ಕದ ಹಾಸಿಗೆಯ ಬಾಣಂತಿ ಶಿಗ್ಗಾಂವಿಯವಳು. "ಯವ್ವಾ, ಇಕಿ ನಮ್ಮ ಓಣಿ ವೈನಿ!" ಎಂದು ಕೂಗಿದಳಂತೆ.

ಎರಡೇ ದಿನದಲ್ಲಿ ಮೈದುನ ನನ್ನ ಅಂಗಡಿಗೆ ಬಂದ. ಹಿಂದೆ ವೈನಿ. ಕೇಳದೆ ಒಬ್ಬರ ಮನೆಯ ಹೆಣ್ಣುಮಗಳನ್ನು ಪರದೇಶದ ಹುಡುಗನಿಗೆ ತಾಯಿ ಮಾಡಿಬಿಟ್ಟಿದ್ದೆ. ಅಲ್ಲಾಡುವ ಮೇಜು ಈ ಸಲ ಉಳಿಯುವುದಿಲ್ಲ ಎಂದುಕೊಂಡು ಮೊದಲೇ ಕೈಮುಗಿದೆ. ಹಂಸಭಾವಿಯ ಹುಡುಗಿಯ ಕಥೆಯನ್ನೆಲ್ಲ ಹೇಳಿದೆ.

"ಮೊದಲ ತೋರಸ್ರಿ" ಎಂದಳು ವೈನಿ.

ತೋರಿಸಿದೆ. ಒಮ್ಮೆ ನೋಡಿದಳು. ಇನ್ನೊಮ್ಮೆ ಹಚ್ಚಿಸಿದಳು. ಅವಳ ಮುಖ ಕೆಂಪಗಾಯಿತು.

"ತುಪ್ಪ ಎಲ್ಲಿ?"

"ಅದು... ತುಪ್ಪ ಕಟ್ ಆಗೇತ್ರಿ ಅಕ್ಕಾರ."

"ಹಸಗೊಂಡು ಬಾಗಲಿಗೆ ಬಂದ ಕೂಸಿಗೆ ಒಣಾ ಹೋಳಿಗಿ ಬಡಿಸಿದ್ಲು ಅಂತ ಹುಬ್ಬಳ್ಳಿ ತನಕ ನನ್ನ ಮರ್ಯಾದಿ ಕಳದ್ರಲ್ರಿ! ಆವತ್ತ ಬೆನ್ನ ತೋರಸಿದ್ರಿ, ನಾ ಸುಮ್ಮನಾದೆ. ತುಪ್ಪದ ಮಾತು ಬಂದ್ರ ನಾ ಸುಮ್ಮನಿರಾಕಿ ಅಲ್ಲ!"

ಹಿಂದೆ ಮೊಬೈಲ್ ಹಿಡಿದವನೊಬ್ಬ ನಿಂತಿದ್ದಾನೆ, ಆ ಕಾಲಕ್ಕೆ ಹೊಂದುವುದಿಲ್ಲ ಎಂದು ಮೂಲ ದೃಶ್ಯವನ್ನು ತೋರಿಸಿ ಬಿಡಿಸಿ ಹೇಳಿದೆ. ಮೈದುನ ಪರದೆಯ ಹತ್ತಿರ ಬಗ್ಗಿದ.

"ಅಂವ ನಾನಽ ಅಲ್ಲೇನ್ರಿ! ನನ್ನೂ ಕಟ್ ಮಾಡೀರಿ?" ಎಂದು ಮೇಜು ಗುದ್ದಿದ.

ಈಗಿನ ಪ್ರತಿಯಲ್ಲಿ ತುಪ್ಪ ಇದೆ. ಧಾರೆಯಾಗಿ ಬೀಳುತ್ತದೆ. ಹಿಂದೆ ನೂರು ವರ್ಷದ ಹಳೆಯ ಪರದೇಶದಲ್ಲಿ ಶಿಗ್ಗಾಂವಿಯ ಮೈದುನ ಕಿವಿಗೆ ಮೊಬೈಲ್ ಹಿಡಿದು ನಿಂತಿದ್ದಾನೆ. ಇದುವರೆಗೆ ಒಬ್ಬರೂ ಅದರ ಬಗ್ಗೆ ದೂರು ತಂದಿಲ್ಲ. ಹಂಸಭಾವಿಯ ಹುಡುಗಿ ಮಾತ್ರ, "ಆ ಮಾಮಾ ಯಾರಿಗೆ ಫೋನ್ ಹಚ್ಚ್ಯಾನ?" ಎಂದು ಕೇಳಿತಂತೆ. "ನಿಮ್ಮವ್ವಗ, ಲಗೂ ಬಾ ಅಂತ" ಎಂದು ಅಜ್ಜಿ ಹೇಳಿದಳಂತೆ.

ಕೊನೆಯ ಗಿರಾಕಿ

ಹುಡುಗಿಯ ಅವ್ವ ನಿಜವಾಗಿಯೂ ಬಂದಳು. ಕೂಸು ಗುಂಡಗಾಗಿ, ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. ಹೋದ ಸಂತೆಯ ದಿನ ಎಲ್ಲರೂ ಕೂಡಿ ನನ್ನ ಅಂಗಡಿಗೆ ಬಂದರು. ಅಜ್ಜಿ ಒಂದು ಡಬ್ಬಿ ಹೋಳಿಗೆ ತಂದಿದ್ದಳು, ಜೊತೆಗೆ ತುಪ್ಪ ಬೇರೆ. ನನ್ನ ಅಂಗಡಿಗೆ ನಗುತ್ತಾ ಬಂದ ಮೊದಲ ಮಂದಿ. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಅವ್ವ ಕೂಸನ್ನು ಎದೆಗವಚಿಕೊಂಡು ಕುರ್ಚಿಯಲ್ಲಿ ಕುಳಿತಳು. ಹುಡುಗಿ ತೊಡೆ ಏರಲು ನೋಡಿತು. "ತಡಿಯವ್ವಾ, ತಮ್ಮ ಮಲಗ್ಯಾನ" ಎಂದಳು ಅವ್ವ. ಇನ್ನೊಂದು ಬದಿಯಿಂದ ಏರಲು ನೋಡಿತು. ಅಲ್ಲಿ ಕೂಸಿನ ಕಾಲುಗಳಿದ್ದವು. ಹುಡುಗಿ ಅವ್ವನನ್ನು ಬಿಟ್ಟು ನನ್ನ ಹತ್ತಿರ ಬಂದು ಅಂಗಿಯ ತುದಿ ಜಗ್ಗಿತು.

"ಕಾಕಾ, ಕಟ್ ಮಾಡಾವ್ರು ನೀವಽ ಏನು?"

ಇಷ್ಟು ವರ್ಷ ಈ ಪ್ರಶ್ನೆ ಕೇಳಿಸಿಕೊಂಡವನು ನಾನು, ಕೈಮುಗಿದು, "ಹೌದವ್ವಾ, ನಾನಽ. ಏನ್ ತಪ್ಪಾತು?" ಎಂದೆ.

ಹುಡುಗಿ ಅವ್ವನ ತೊಡೆಯ ಕಡೆ ಬೆರಳು ತೋರಿಸಿ, ಅಜ್ಜಿಗೆ ಕೇಳಿಸದಂತೆ ನನ್ನ ಕಿವಿಯಲ್ಲಿ ಹೇಳಿತು: "ಆ ಕೂಸನ್ನ ಕಟ್ ಮಾಡ್ರಿ."