ಬಸವನಹುಳದ ಮನೆ ಗುರುತು

ನಮ್ಮ ಕಾಕಾನಿಗೆ ಹುಚ್ಚು ಎಂದು ಇಡೀ ಮೋತಿ ಡೊಂಗರ್ ಗುಡ್ಡವೇ ಹೇಳುತ್ತಿತ್ತು. ನಾನು ಒಪ್ಪುವುದಿಲ್ಲ. ಹುಚ್ಚರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಎಂಬತ್ತರ ದಶಕದ ಕೊನೆ. ವಿಜಾಪುರದ ಕಡೆಯಿಂದ ಬಂದಿದ್ದ ಕಾಕಾ ಮಡಗಾಂವಿನ ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದ. ಒಂದು ಮಳೆಗಾಲ ನಮ್ಮ ಗುಡ್ಡಕ್ಕೆ ಎಲ್ಲಿಂದಲೋ ಮುಷ್ಟಿಗಾತ್ರದ ಬಸವನಹುಳುಗಳು ಬಂದಿಳಿದವು. ನಾವಿದ್ದ ಬಾಡಿಗೆ ಖೋಲಿಯ ಒಡತಿಯನ್ನು ನಾವೆಲ್ಲ ಬಾಯಿ ಎನ್ನುತ್ತಿದ್ದೆವು. ಅವರ ಪಪ್ಪಾಯಿ ಸಸಿ, ದಾಸವಾಳ, ಎಲ್ಲ ಸ್ವಾಹಾ! ಹುಳುಗಳನ್ನು ಕೊಲ್ಲಲು ಬಾಯಿ ಉಪ್ಪಿನ ಡಬ್ಬಿ ಹಿಡಿದು ಬಂದರು. ಕಾಕಾ ಅಡ್ಡ ನಿಂತ.

“ಬಸವಣ್ಣನ ಹೆಸರಿನ ಹುಳಕ್ಕ ಉಪ್ಪ ಹಾಕ್ತೀರೇನ್ರಿ? ಎಂಟ ದಿನಾ ಕೊಡ್ರಿ. ಎಲ್ಲಿಂದ ಬರ್ತಾವು, ಯಾಕ ಬರ್ತಾವು, ನೋಡೇ ಬಿಡ್ತೇನಿ.”

“ಆಟ್ ದೀಸ್!” ಬಾಯಿ ಎಂಟು ಬೆರಳು ತೋರಿಸಿದರು. “ಆಮೇಲೆ ಹುಳಾನೂ ಹೊರಗೆ, ನೀನೂ ಹೊರಗೆ!”

ಕಾಕಾ ಚಿಪ್ಪುಗಳ ಮೇಲೆ ನೀಲಿ ಬಣ್ಣದ ಗೆರೆ ಎಳೆದು ಹುಳುಗಳನ್ನು ಗಟಾರದಾಚೆ ಬಿಟ್ಟು ಬಂದ. ಮೂರನೇ ಬೆಳಿಗ್ಗೆ ಅವು ಅದೇ ಗೋಡೆಯ ಬುಡದಲ್ಲಿ, ಅದೇ ಹಸಿ ಗೋಣಿಚೀಲದ ಕೆಳಗೆ ಹಾಜರು! ಬಾಯಿ ಹಣೆ ಚಚ್ಚಿಕೊಂಡರು. ಕಾಕಾ ಕುಣಿದಾಡಿದ. “ಮನಿ ಗುರ್ತ ಐತ್ರಿ ಇವಕ್ಕ!”

ಇನ್ನೂ ದೂರ ಬಿಡಬೇಕೆಂದು ಬುತ್ತಿಯ ಜೊತೆಗೆ ಇನ್ನೊಂದು ಡಬ್ಬಿಯಲ್ಲಿ ಹುಳುಗಳನ್ನು ತುಂಬಿಕೊಂಡು ಕೆಲಸಕ್ಕೆ ಹೊರಟ. ಮಧ್ಯಾಹ್ನ ಊಟಕ್ಕೆ ಕೂತು ಮುಚ್ಚಳ ತೆಗೆದರೆ ಏಳು ಹುಳ! ಜಡಿಮಳೆಯಲ್ಲಿ ನೋಡದೆ ಪೊದೆಗೆ ಸುರಿದದ್ದು ಹೆಂಡತಿ, ಅಂದರೆ ನಮ್ಮ ಚಿಗವ್ವ, ಕಟ್ಟಿಕೊಟ್ಟ ರೊಟ್ಟಿ.

“ಹುಳಕ್ಕ ರೊಟ್ಟಿ, ನಿಮಗ ಹುಳಾ. ಭಾಳ ಚಲೋ ಆತು,” ಎಂದಳು ಚಿಗವ್ವ.

ಕೊನೆಗೂ ಕಾಕಾ ಕಂಡುಹಿಡಿದ. ಅವುಗಳಿಗೆ ಬೇಕಾದದ್ದು ಆ ಗೋಣಿಯ ತಂಪು. ಗೋಣಿಗಳನ್ನೆಲ್ಲ ಗುಡ್ಡದಾಚೆಯ ಖಾಲಿ ಜಾಗಕ್ಕೆ ಒಯ್ದು ಹಾಸಿ, ಹುಳುಗಳನ್ನೂ ಅಲ್ಲೇ ಬಿಟ್ಟ. ಎಂಟನೇ ದಿನ ತೋಟದಲ್ಲಿ ಕಂಡದ್ದು ಮೂರೇ ಮೂರು. ಖೋಲಿ ಉಳಿಯಿತು. ಚಟ ಬಿಡಲಿಲ್ಲ! ದಿನಾ ಬೆಳಿಗ್ಗೆ ತಿರುಗಿ ಬಂದ ಹುಳ ಎಷ್ಟೆಂದು ನೋಡದೆ ಕಾಕಾ ಚಹಾ ಮುಟ್ಟುತ್ತಿರಲಿಲ್ಲ. “ಸಂಸಾರ ಹುಳದ ಜೋಡೀನ ಮಾಡ್ರಿ,” ಎಂದು ಚಿಗವ್ವ ಬೈಯುತ್ತಿದ್ದಳು.

ಮರುವರ್ಷದ ಮಳೆಗಾಲ ದಾಬೋಲಿಮ್‌ನಲ್ಲಿ ಬಣ್ಣ ಬಳಿಯುವಾಗ ಏಣಿ ಜಾರಿ ಬಿದ್ದು ಕಾಕಾ ಕಾಲು ಮುರಿದುಕೊಂಡ. ಇಪ್ಪತ್ತು ದಿನ ಆಸ್ಪತ್ರೆ. “ಈ ವರ್ಷ ನೋಡೂದು ತಪ್ಪಿಹೋತು,” ಎಂದು ಗೊಣಗುತ್ತಲೇ ಮನೆಗೆ ಬಂದ. ಚಿಗವ್ವ ಗೋಡೆಯ ಕ್ಯಾಲೆಂಡರ್ ಇಳಿಸಿ ಅವನ ಮುಂದಿಟ್ಟಳು. ಅಕ್ಷರ ಬಾರದ ಅವಳು ದಿನವೂ ತೋಟ ಸುತ್ತಿ, ತಿರುಗಿ ಬಂದ ಹುಳಕ್ಕೊಂದರಂತೆ, ಇಪ್ಪತ್ತೂ ತಾರೀಖಿನ ಮೇಲೆ ಕುಂಕುಮದ ಚುಕ್ಕೆ ಇಟ್ಟಿದ್ದಳು.

ಕಾಕಾ ಬಹಳ ಹೊತ್ತು ಆ ಚುಕ್ಕೆಗಳ ಮೇಲೆ ಬೆರಳಾಡಿಸಿದ. ಆಮೇಲೆ ಮೆಲ್ಲಗೆ ಕೇಳಿದ:

“ದಿನಾ ಮಳ್ಯಾಗ ತೊಯ್ಸ್ಕೊಂಡಿಯಲ್ಲ, ನೆಗಡಿ ಆಗಲಿಲ್ಲೇನು?”