ಬಸಂತರಾಯನ ಕತ್ತಲೆ ಬಚ್ಚಲು

ಬಸವನ ಬಾಗೇವಾಡಿ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಬಸಂತರಾಯನಿಗೆ ಈ ಜನ್ಮದಲ್ಲಿ ಬೇಕಾಗಿದ್ದದ್ದು ಒಂದೇ. ಯಾರೂ ಬಸ್ಸಿನ ಹೊತ್ತು ಕೇಳದ ಒಂದು ಸ್ನಾನ.

ಆಸೆ ಸಣ್ಣದು. ಆದರೆ ಇಪ್ಪತ್ತೆರಡು ವರ್ಷ ನೌಕರಿ ಮಾಡಿದರೂ ಅದು ಈಡೇರಿರಲಿಲ್ಲ. ಅವನ ಮನೆಯ ಬಚ್ಚಲೆಂದರೆ ಹಿತ್ತಲ ಮೂಲೆಯಲ್ಲಿ ಎದೆಮಟ್ಟದ ಗೋಡೆ, ನಡುವೆ ಒಂದು ಕಲ್ಲು, ಮೇಲೆ ಆಕಾಶ. ಗೋಡೆಯಾಚೆ ಓಣಿ. ಓಣಿಯಲ್ಲಿ ಹೋಗುವವರಿಗೆ ಅವನ ತಲೆ ಕಾಣುತ್ತಿತ್ತು. ಕಂಟ್ರೋಲರನ ತಲೆ ಕಂಡ ಮೇಲೆ ಸುಮ್ಮನೆ ಹೋಗುವುದು ಹೇಗೆ?

"ಸಾಹೇಬ್ರ, ಮುದ್ದೇಬಿಹಾಳ ಬಸ್ಸು ಎಷ್ಟೊತ್ತಿಗೈತ್ರಿ?"

"ಹತ್ತೂ ಕಾಲಿಗ್ರಿ," ಎನ್ನುತ್ತಿದ್ದ ಬಸಂತರಾಯ ಕಣ್ಣಲ್ಲಿ ಸಾಬೂನು ತುಂಬಿಕೊಂಡು.

"ಇಂಡೀದು?"

"ಅದು ಹೋತ್ರಿ."

"ಹೋತೇನು? ಮೊದಲ ಹೇಳಬಾರದಾ?"

ಪಕ್ಕದ ಮನೆಯ ಶ್ರೀಶೈಲಪ್ಪ ಮಾಸ್ತರರಂತೂ ಗೋಡೆಗೆ ಮೊಣಕೈ ಊರಿ ನಿಂತುಬಿಡುತ್ತಿದ್ದರು. ಅವರ ಅಳಿಯ ಹುಬ್ಬಳ್ಳಿಯಿಂದ ಬರುವಾಗ ಎಲ್ಲಿ ಬಸ್ಸು ಬದಲಿಸಬೇಕು ಎಂಬ ಚರ್ಚೆ ಇವನ ಬೆನ್ನಿನ ನೀರು ಒಣಗುವ ತನಕ ನಡೆಯುತ್ತಿತ್ತು. ಆ ಅಳಿಯ ಬಂದದ್ದನ್ನು ಓಣಿಯಲ್ಲಿ ಯಾರೂ ಕಂಡವರಿಲ್ಲ.

ಹೋದ ಮಳೆಗಾಲದಲ್ಲಿ ಬಸಂತರಾಯ ಕೆಲಸದ ಮೇಲೆ ನಿಡಗುಂದಿಗೆ ಹೋಗಿ, ಮೈತುಂಬ ಕೆಸರು ಮಾಡಿಕೊಂಡು, ಹತ್ತಿರದ ಆಲಮಟ್ಟಿಯಲ್ಲಿದ್ದ ಮೀರಾಸಾಬನನ್ನು ಹುಡುಕಿಕೊಂಡು ಹೋದ. ಮೀರಾಸಾಬ ಇವನ ಓಣಿಯವನೇ. ಆಣೆಕಟ್ಟಿನ ಕೆಲಸದಲ್ಲಿ ಪೈಪು ಜೋಡಿಸುವ ಫಿಟ್ಟರ್. ಅವನು ಖಾಲಿ ಇದ್ದ ದೊಡ್ಡ ಸಾಹೇಬರ ಬಂಗಲೆಯ ಬಚ್ಚಲಿಗೆ ಇವನನ್ನು ಬಿಟ್ಟ. ಅಲ್ಲಿ ಗೋಡೆಗೆ ನೀರು ಚಿಮ್ಮಿಸುವ ಫವಾರಾ ಇತ್ತು. ಬಸಂತರಾಯ ಅದರ ಕೆಳಗೆ ನಿಂತು ನಲ್ಲಿಯ ಚಾವಿ ತಿರುಗಿಸಿದ, ಅದೇ ಹೊತ್ತಿಗೆ ಕರೆಂಟು ಹೋಯಿತು. ಮಬ್ಬುಗತ್ತಲೆ. ಬೆಚ್ಚನೆಯ ನೀರು ಸಣ್ಣಗೆ ನೆತ್ತಿಯ ಮೇಲೆ ಬೀಳುವ ಸದ್ದು. ಕಾಲು ತಾಸು ಯಾರೂ ಅವನನ್ನು ಏನೂ ಕೇಳಲಿಲ್ಲ. ಹೊರಗೆ ಬಂದಾಗ ಅವನ ಮುಖ ನೋಡಿ ಮೀರಾಸಾಬನೇ ಗಾಬರಿಯಾಗಿ, "ಯಾಕ್ರಿ, ಅಳಾಕತ್ತೀರೇನು?" ಎಂದಿದ್ದ.

ಕರೆಂಟು ಹೋದದ್ದು ಆಕಸ್ಮಿಕ ಎಂದು ಬಸಂತರಾಯ ಕೊನೆಯವರೆಗೂ ಒಪ್ಪಲಿಲ್ಲ. ದೊಡ್ಡವರ ಬಚ್ಚಲಲ್ಲಿ ಕತ್ತಲೆಯೂ ಒಂದು ಏರ್ಪಾಡು ಎಂದೇ ಅವನ ನಂಬಿಕೆ.

ಅಂಥದೇ ಬಚ್ಚಲು ತನಗೂ ಬೇಕೆಂದು ಮೀರಾಸಾಬನಿಗೆ ಗಂಟುಬಿದ್ದ. ಹಿತ್ತಲಲ್ಲಿ ಕೋಣೆ ಏಳಲು ಮೂರು ತಿಂಗಳು ಹಿಡಿಯಿತು, ಯಾಕೆಂದರೆ ಮೀರಾಸಾಬನಿಗೆ ಬಿಡುವು ಭಾನುವಾರ ಮಾತ್ರ. ನಾಲ್ಕೂ ಕಡೆ ಆಳೆತ್ತರದ ಗೋಡೆ, ಮೇಲೆ ಮಾಳಿಗೆ. ಕಿಟಕಿಯ ಜಾಗದಲ್ಲಿ ಅಂಗೈ ಅಗಲದ ಕಿಂಡಿ, ಅದಕ್ಕೆ ನೀಲಿ ಗಾಜು. ಮಾಳಿಗೆಯ ಮೇಲೆ ಒಂದು ಡ್ರಮ್ಮು, ಅದರಿಂದ ಇಳಿದ ಪೈಪಿನ ತುದಿಗೆ ಗಿಡಕ್ಕೆ ನೀರು ಹಾಕುವ ಝಾರಿಯ ಮೂತಿ. ಅದರ ಕೆಳಗೆ ಹಗ್ಗದ ಹೊರಸು. ಹೊರಸಿನ ಯೋಚನೆ ಮೀರಾಸಾಬನದು.

"ಸಾಹೇಬ್ರು ನಿಂತು ಝಳಕಾ ಮಾಡ್ತಾರ. ನೀವು ದಿನಾ ಸ್ಟ್ಯಾಂಡಿನ್ಯಾಗ ನಿಂತ ಇರ್ತೀರಿ, ಇಲ್ಲೀನೂ ಯಾಕ ನಿಂದರಬೇಕ್ರಿ? ಮಲಕೊಂಡ ಮಾಡ್ರಿ. ನೀರು ಹಗ್ಗದಾಗಿಂದ ಕೆಳಗ ಇಳಿದು ಹೋಗ್ತೈತಿ."

ಹೆಂಡತಿ ಇಂದುಬಾಯಿಗೆ ಇದು ಯಾವುದೂ ಹಿಡಿಸಲಿಲ್ಲ. "ಬಚ್ಚಲಕ್ಕ ಬೆಳಕ ಬ್ಯಾಡ ಅಂದ್ರ ಚೇಳು ಬಂದದ್ದು ಹೆಂಗ ಗೊತ್ತಾಗಬೇಕ್ರಿ?"

"ಚೇಳು ಬಂದ್ರ ಬರಲಿ. ಅದು ಬಸ್ಸಿನ ಟೈಮ್ ಕೇಳೂದಿಲ್ಲ."

ಒಂದೇ ಕರಾರು ಇತ್ತು: ಫವಾರಾದ ಸುದ್ದಿ ಹೊರಗೆ ಬೀಳಬಾರದು. ಬಿದ್ದರೆ ಓಣಿಗೆ ಓಣಿಯೇ ನೋಡಲು ಬರುತ್ತದೆ, ನೋಡಿದವರು ಒಂದು ಸಲ ಝಳಕ ಮಾಡಿಯೇ ಹೋಗುತ್ತಾರೆ. ಮೀರಾಸಾಬ ತನ್ನ ತಾಯಿ ಪೀರಬಿಗೂ ಬಾಯಿ ಬಿಡಲಿಲ್ಲ. ಯಾರಾದರೂ ಕೇಳಿದರೆ ಬಸಂತರಾಯ, "ಏನಿಲ್ರಿ, ಸಣ್ಣದೊಂದು ಕೋಣಿ," ಎಂದು ಮಾತು ತಪ್ಪಿಸುತ್ತಿದ್ದ. ಓಣಿಗೆ ಅಷ್ಟು ಸಾಕಿತ್ತು.

ಗಂಡ ಹೆಂಡಿರ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒಬ್ಬಳೇ ಮಗಳು ಗುರವ್ವ ಸಿಂದಗಿಗೆ ಮದುವೆಯಾಗಿ ಹೋಗಿ ನಾಲ್ಕು ವರ್ಷವಾಗಿತ್ತು. ಮಡಿಲು ತುಂಬಿರಲಿಲ್ಲ. ಬಂದಾಗಲೆಲ್ಲ ಓಣಿಯ ಹೆಂಗಸರು "ಏನರ ಸುದ್ದಿ ಐತೇನವಾ?" ಎಂದು ಕೇಳುತ್ತಾರೆಂದು ಅವಳು ತವರಿಗೆ ಬರುವುದನ್ನೇ ಕಡಿಮೆ ಮಾಡಿದ್ದಳು. ತಂದೆಗೆ ಒಂದು ಪ್ರಶ್ನೆಯ ಕಾಟ, ಮಗಳಿಗೆ ಇನ್ನೊಂದರ ಕಾಟ. ತನ್ನ ಪ್ರಶ್ನೆಗಾದರೆ ಉತ್ತರ ಇದೆಯಲ್ಲ ಎಂದು ಬಸಂತರಾಯನಿಗೆ ಎಷ್ಟೋ ಸಲ ಸಂಕಟವಾಗುತ್ತಿತ್ತು.

ಕೋಣೆ ಮುಗಿದ ಭಾನುವಾರ ಸೂಟಿ ಹಾಕಿ, ಬೆಳಿಗ್ಗೆ ಏಳಕ್ಕೇ ಅವನು ಕಿರಾಣಿ ಅಂಗಡಿಗೆ ಹೋಗಿ ಲೋಬಾನ ಕೇಳಿದ. ಕೋಣೆಯಲ್ಲಿ ಹೊಸ ಸುಣ್ಣದ ವಾಸನೆ ಇತ್ತು; ಕೆಂಡದ ಮೇಲೆ ನಾಲ್ಕು ಕಾಳು ಲೋಬಾನ ಉದುರಿಸಿದರೆ ಘಮಘಮ ಎನ್ನುತ್ತದೆ ಎಂದು ಅವನ ಲೆಕ್ಕ. ಅಲ್ಲಿ ಎದುರುಮನೆಯ ಮುದುಕಿ ರುಕ್ಮವ್ವ ಬೆಲ್ಲ ಕೊಳ್ಳುತ್ತ ನಿಂತಿದ್ದಳು.

"ಲೋಬಾನ ಯಾಕೋ ತಮ್ಮಾ?"

"ಮನ್ಯಾಗ ಬೇಕಾಗೇತಿ ಅತ್ತಿ."

"ಆ ಹೊಸಾ ಕೋಣಿಗೇನು?"

"ಹೂಂ."

ರುಕ್ಮವ್ವ ಅಂಗಡಿಯವನಿಗೆ ಕೇಳಿಸದಂತೆ ಹತ್ತಿರ ಸರಿದಳು. "ಎಷ್ಟ ತಿಂಗಳಾತು?"

"ಮೂರ ತಿಂಗಳಾತು ನೋಡ್ರಿ," ಎಂದ ಬಸಂತರಾಯ ಹೆಮ್ಮೆಯಿಂದ. "ಯಾರಿಗೂ ಹೇಳಿಲ್ಲ."

"ಹೇಳಬಾರದು. ಚೊಲೊ ಮಾಡಿದಿ," ಎಂದು ರುಕ್ಮವ್ವ ಅವನ ಗಲ್ಲ ಹಿಡಿದು ದೃಷ್ಟಿ ತೆಗೆದಳು. ನಲವತ್ತೆಂಟರ ಗಂಡಸಿಗೆ ದೃಷ್ಟಿ ಯಾಕೆ ತೆಗೆದಳೆಂದು ಅವನಿಗೆ ತಿಳಿಯಲಿಲ್ಲ. ಫವಾರಾದ ಸುದ್ದಿ ಹೇಗೋ ಗೊತ್ತಾಗಿದೆ, ಮುದುಕಿಗೆ ಸಂತೋಷವಾಗಿದೆ ಎಂದುಕೊಂಡು ಮನೆಗೆ ಬಂದ.

ಹಂಡೆ ಕಾಯಿಸಿ, ಹನ್ನೊಂದು ಸಲ ಏಣಿ ಹತ್ತಿ ಡ್ರಮ್ಮು ತುಂಬಿಸುವಷ್ಟರಲ್ಲಿ ಹತ್ತು ಗಂಟೆಯಾಯಿತು. ಲೋಬಾನದ ಹೊಗೆ ಹಾಕಿ, ಬಾಗಿಲ ಅಗಳಿ ಜಡಿದು, ಪಂಚೆ ಸುತ್ತಿಕೊಂಡು ಹೊರಸಿನ ಮೇಲೆ ಅಂಗಾತ ಮಲಗಿದ. ನೀಲಿ ಗಾಜಿನಿಂದ ಬೆಳದಿಂಗಳಂಥ ಬೆಳಕು ಬರುತ್ತಿತ್ತು. ಓಣಿಯ ಸದ್ದು ದೂರದೂರಿನ ಸದ್ದಿನಂತೆ ಕೇಳುತ್ತಿತ್ತು. ದೇವರೇ, ಸಾಕಪ್ಪ, ಇನ್ನೇನೂ ಬೇಡ ಎಂದುಕೊಂಡು ಕೈ ಚಾಚಿ ಚಾವಿ ತಿರುಗಿಸಿದ. ಏಳೆಂಟು ಹನಿ ಎದೆಯ ಮೇಲೆ ಬಿದ್ದವು.

ಬಾಗಿಲು ಧಬಧಬ ಬಡಿಯಿತು.

"ಕಂಟ್ರೋಲರ್ ಸಾಹೇಬ್ರ, ಬಾಗಲಾ ತಗೀರಿ. ನಾ ಪೀರಬಿ."

ಪೀರಬಿ ಓಣಿಯ ಸೂಲಗಿತ್ತಿ. ಗುರವ್ವನನ್ನು ಹೊರತೆಗೆದದ್ದೂ ಅವಳದೇ ಕೈ. ಪಂಚೆಯಲ್ಲಿ ನಿಂತ ಗಂಡಸನ್ನು ಕಂಡು ನಾಚುವ ವಯಸ್ಸನ್ನು ಅವಳು ಯಾವಾಗಲೋ ದಾಟಿದ್ದಳು. ಒಳಗೆ ನುಗ್ಗಿ ಗೋಡೆ ಮುಟ್ಟಿದಳು, ಕಿಂಡಿ ನೋಡಿದಳು, ಹೊರಸು ಅಲುಗಾಡಿಸಿದಳು.

"ಗಾಳಿ ಇಲ್ಲ, ಬೆಳಕಿಲ್ಲ, ಬಾಳ ಚೊಲೊ. ಹೊರಸಿನ ಬುಡಕ ಕೆಂಡ ಇಡಾಕ ಜಾಗಾ ಐತಿ. ಈ ಝಾರಿ ಯಾಕ?"

"ನೀರು ಸಣ್ಣಗ ಬೀಳ್ತಾವ."

"ಜಾಣ ಅದೀರಿ ನೋಡ್ರಿ. ಬಾಣಂತಿ ಬೆನ್ನಿಗಿ ನೀರು ಹಿಂಗ ಬೀಳಬೇಕು. ನಲವತ್ತು ವರ್ಷದಾಗ ಇಂಥಾ ಬಾಣಂತಿ ಕೋಣಿ ನಾ ನೋಡಿಲ್ಲ."

"ಯಾವ ಬಾಣಂತಿ?"

"ಇನ್ನ ಯಾಕ ಮುಚ್ಚಿಡ್ತೀರಿ? ರುಕ್ಮವ್ವನ ಮುಂದ ನೀವ ಹೇಳೀರಂತ, ಮೂರ ತಿಂಗಳು ಅಂತ. ಇಂದುಬಾಯಿಗಿ ವಯಸ್ಸು ಒಂದೀಟು ಆಗೇತಿ, ಖರೆ. ಅಂಜಬ್ಯಾಡ್ರಿ, ನಾ ಅದೇನಿ."

ಬಸಂತರಾಯ ಪಂಚೆ ಬಿಗಿದುಕೊಂಡ. "ಅಲ್ರೀ ಅವ್ವಾರ, ಇದು ನನ್ನ ಸಲುವಾಗಿ ಕಟ್ಟಿಸೇನಿ. ನಾ ಒಬ್ಬನ ಝಳಕಾ ಮಾಡಾಕ."

ಪೀರಬಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಕತ್ತಲ ಕೋಣಿ, ಬಿಸಿನೀರು, ಹೊರಸು, ಲೋಬಾನ. ಇದೆಲ್ಲಾ ನಿಮಗ?" ಎಂದು ಸೆರಗು ಬಾಯಿಗಿಟ್ಟು ನಗುತ್ತ ಅಡಿಗೆಮನೆಯ ಕಡೆ ನಡೆದಳು.

ಅವಳದೂ ತಪ್ಪಿಲ್ಲ. ಸತ್ಯವೇ ಅಷ್ಟು ನಂಬಲಾರದಂತಿತ್ತು.

ಅಡಿಗೆಮನೆಯಲ್ಲಿ ಆಗಲೇ ಐದಾರು ಹೆಂಗಸರು ಸೇರಿದ್ದರು. ಒಬ್ಬಳು ಉತ್ತತ್ತಿ ತಂದಿದ್ದಳು, ಒಬ್ಬಳು ಉಂಡಿಗೆ ಹಾಕುವ ಅಂಟು, ಒಬ್ಬಳು ಒಣ ಕೊಬ್ಬರಿ. ರುಕ್ಮವ್ವ ಒಲೆಯ ಮುಂದೆ ಕೂತು ಬೆಲ್ಲದ ಪಾಕ ಕಾಸುತ್ತಿದ್ದಳು. ಇಂದುಬಾಯಿಯನ್ನು ಮಣೆಯ ಮೇಲೆ ಕೂಡಿಸಿ, ಬೆನ್ನಿಗೆ ದಿಂಬು ಕೊಟ್ಟು, ಕೈಗೆ ಚಹಾ ಕೊಟ್ಟಿದ್ದರು. ಬಸಂತರಾಯ ಅವಳನ್ನು ಬಾಗಿಲ ಮರೆಗೆ ಕರೆದ.

"ಇಲ್ಲ ಅಂತ ಹೇಳಬಾರದಾ ನೀ?"

"ನಾಕ ಸಲ ಹೇಳಿದೆ. ನಾಚಿಕಿ ಅಂತಾರ," ಎಂದಳು ಇಂದುಬಾಯಿ. ಆಮೇಲೆ ದನಿ ತಗ್ಗಿಸಿದಳು. "ರೀ, ಇಪ್ಪತ್ತಾರು ವರ್ಷದಾಗ ಈ ಅಡಿಗಿ ಮನ್ಯಾಗ ಯಾರೂ ನನಗ ಕೂಡು ಅಂದಿದ್ದಿಲ್ಲ. ಸಂಜೀತನಕ ಹಂಗ ಇರಲಿ ಬಿಡ್ರಿ."

ಅವಳ ಮುಖದಲ್ಲಿ, ಆಲಮಟ್ಟಿಯ ಫವಾರಾದ ಕೆಳಗೆ ನಿಂತಾಗ ತನಗಾಗಿದ್ದ ಸುಖ ಕಂಡು ಬಸಂತರಾಯ ಹಿತ್ತಲಿಗೆ ಹೊರಟುಹೋದ. ಡ್ರಮ್ಮಿನ ಬಿಸಿನೀರೆಲ್ಲ ಹೆಂಗಸರ ಪಾತ್ರೆ ತೊಳೆಯಲು ಹೋಯಿತು.

ಮಧ್ಯಾಹ್ನ ಅವನು ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಾಗ ಶ್ರೀಶೈಲಪ್ಪ ಮಾಸ್ತರರ ಮೊಣಕೈ ಗೋಡೆಯ ಮೇಲೆ ಬಂತು.

"ಬಾಳ ಸಂತೋಷ ಆತ್ರಿ. ಮುಂಜೇಲೆ ನಾ ಸ್ಟ್ಯಾಂಡಿಗಿ ಹೋದಾಗ ಒಂದ ಕೆಲಸಾ ಮಾಡಿದೆ. ಸಿಂದಗಿ ಬಸ್ಸಿನ ಕಂಡಕ್ಟರ್ ಬಾಬುಲಾಲನ ಕೈಯಾಗ ನಿಮ್ಮ ಗುರವ್ವಗ ಹೇಳಿ ಕಳಿಸೇನಿ. ಮಗಳಿಗಿ ಮೊದಲ ಗೊತ್ತಾಗಬೇಕಲ್ರಿ, ತಮ್ಮ ಬರಾಕತ್ತಾನಂತ."

ಬಸಂತರಾಯ ಕಟ್ಟೆಯಿಂದ ಎದ್ದ. ಓಣಿ ನಕ್ಕರೆ ನಗಲಿ. ಆದರೆ ನಾಲ್ಕು ವರ್ಷದಿಂದ ಬರಿ ಮಡಿಲಿಟ್ಟುಕೊಂಡ ಮಗಳ ಕಿವಿಗೆ, ಅದೂ ಅತ್ತೆಮನೆಯಲ್ಲಿ, ನಿನ್ನ ತಾಯಿ ಬಸುರಿ ಎಂಬ ಮಾತು ಬೀಳುವುದೆಂದರೆ? ಚಪ್ಪಲಿ ಮೆಟ್ಟುವುದನ್ನೂ ಮರೆತು ಬಸ್ ಸ್ಟ್ಯಾಂಡಿಗೆ ಓಡಿದ. ಸಿಂದಗಿ ಬಸ್ಸು ಒಂಬತ್ತೂವರೆಗೇ ಹೋಗಿತ್ತು. ಅದು ಅವನಿಗೆ ಗೊತ್ತಿತ್ತು. ಊರಿಗೆಲ್ಲ ಹೇಳುವವನು ಅವನೇ. ಆದರೂ ಓಡಿದ್ದ.

ಇನ್ನು ತಿರುಗಿ ಬರುವ ಬಸ್ಸು ಐದೂವರೆಗೆ. ಅಷ್ಟು ಹೊತ್ತೂ ಬರಿಗಾಲಲ್ಲಿ ಅಲ್ಲೇ ನಿಂತ. ಹೋಗುವವರು ಬರುವವರು ಬಸ್ಸಿನ ಹೊತ್ತು ಕೇಳಿದರು, ಹೇಳಿದ. ಗೊತ್ತಿದ್ದವರು ಕೈ ಕುಲುಕಿದರು, ಕುಲುಕಿಸಿಕೊಂಡ.

ಐದೂವರೆಯ ಬಸ್ಸು ಬಂದು ನಿಂತಾಗ ಮೊದಲು ಒಂದು ಟ್ರಂಕು ಇಳಿಯಿತು, ಹಿಂದೆ ಗುರವ್ವ ಇಳಿದಳು. ಅಪ್ಪನನ್ನು ಕಂಡವಳೇ ಟ್ರಂಕಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಬಾಬುಲಾಲ ಟಿಕೀಟಿನ ಚೀಲ ಹಿಡಿದುಕೊಂಡು ಅಪರಾಧಿಯಂತೆ ದೂರ ನಿಂತ.

"ಸುಳ್ಳವಾ ಅದು," ಎಂದ ಬಸಂತರಾಯ ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತು. "ನಿಮ್ಮವ್ವಗ ಏನಿಲ್ಲ. ನಾ ಝಳಕಾ ಮಾಡಾಕ ಒಂದ ಕೋಣಿ ಕಟ್ಟಿಸಿದೆ, ಮಂದಿ ಏನೇನೋ ತಿಳಕೊಂಡ್ರು. ನಿನಗ ನೋವಾಗ್ತೈತಿ ಅಂತ ನಾ ಮಧ್ಯಾಹ್ನದಿಂದ ಇಲ್ಲೇ ನಿಂತೇನಿ."

ಗುರವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಖರೇ ಏನಪ್ಪಾ? ಅವ್ವಗ ಏನಿಲ್ಲಾ?"

"ನಿನ್ನ ಆಣಿ."

"ದೇವರು ದೊಡ್ಡಾವ," ಎಂದು ಅವಳು ಉಸಿರು ಬಿಟ್ಟಳು. "ಅವ್ವನೇ ಹಡಿಯಾಕ ಕುಂತ್ರ ನನ್ನ ಬಾಣಂತನಾ ಯಾರ ಮಾಡ್ತಾರ ಅಂತ ದಾರಿತುಂಬಾ ಅಳಕೋತ ಬಂದೆ."

ಬಸಂತರಾಯನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಮೂರ ತಿಂಗಳಪ್ಪಾ," ಎಂದಳು ಗುರವ್ವ ನೆಲ ನೋಡುತ್ತ. "ಗಟ್ಟಿ ಆಗಲಿ ಅಂತ ಯಾರ ಮುಂದೂ ಹೇಳಿದ್ದಿಲ್ಲ."

ಅದೇ ಹೊತ್ತಿಗೆ ಯಾರೋ ಹಿಂದಿನಿಂದ ಅವನ ಭುಜ ಮುಟ್ಟಿ, "ಸಾಹೇಬ್ರ, ಮುದ್ದೇಬಿಹಾಳ ಬಸ್ಸು ಎಷ್ಟೊತ್ತಿಗೈತ್ರಿ?" ಎಂದರು.

"ಗೊತ್ತಿಲ್ರಿ," ಎಂದ ಬಸಂತರಾಯ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. "ನನಗ ಒಂದೂ ನೆನಪಾಗವಲ್ದು." ಇಪ್ಪತ್ತೆರಡು ವರ್ಷದಲ್ಲಿ ಅವನು ಹಾಗೆ ಹೇಳಿದ್ದು ಅದೇ ಮೊದಲು.

ಮನೆಯಲ್ಲಿ ಉತ್ತತ್ತಿಯೂ ಅಂಟಿನುಂಡಿಯೂ ಕೊಬ್ಬರಿಯೂ ಇಂದುಬಾಯಿಯ ಮುಂದಿನಿಂದ ಗುರವ್ವನ ಮುಂದಕ್ಕೆ ಸರಿದವು. ದಿಂಬೂ ಸರಿಯಿತು. ಇಂದುಬಾಯಿ ಮಣೆ ಬಿಟ್ಟು ಎದ್ದು, ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟಳು. ಪೀರಬಿ ಗುರವ್ವನ ಕೈನಾಡಿ ಹಿಡಿದು ನೋಡಿ, "ಈ ಮನ್ಯಾಗ ಐತಿ ಅಂತ ನಾ ಹೇಳಿದ್ದಿಲ್ಲೇನು? ಯಾರು ಅನ್ನೂದಷ್ಟ ತಪ್ಪಿತ್ತು," ಎಂದಳು. ಮತ್ತೆ ನೇರವಾಗಿ ಹಿತ್ತಲಿಗೆ ಹೋಗಿ, ಕತ್ತಲೆ ಬಚ್ಚಲಿಗೆ ಕೀಲಿ ಹಾಕಿ, ಚಾವಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬಾಣಂತಿ ಮೈ ತೊಳೆದ ಮ್ಯಾಲ ಉಳಿದವ್ರು. ಅಲ್ಲೀತನಕ ಯಾರೂ ಒಳಗ ಹೋಗಂಗಿಲ್ಲ. ಆಮ್ಯಾಲ ಕೂಸಿನ ಎಣ್ಣಿ ನೀರು ಐತಿ, ಒಂದ ವರ್ಷ ತಿಳಕೊರ್ರಿ."

ಬಸಂತರಾಯ ಹೂಂ ಎಂದ. ಎದೆಯ ಮೇಲೆ ಬಿದ್ದ ಏಳೆಂಟು ಹನಿಗಳೇ ಅವನ ಪಾಲಿಗೆ ದಕ್ಕಿದ್ದು. ಆದರೆ ಆ ಹೊತ್ತಿಗೆ ಅವನು ಯಾರಿಗೆಲ್ಲ ಋಣಿಯಾಗಿದ್ದನೆಂದರೆ, ದೃಷ್ಟಿ ತೆಗೆದ ರುಕ್ಮವ್ವನಿಗೆ, ಬಾಯಿ ಬಿಡದ ಮೀರಾಸಾಬನಿಗೆ, ಬಾಯಿ ಬಿಟ್ಟ ಬಾಬುಲಾಲನಿಗೆ, ಮಾಸ್ತರರ ಮೊಣಕೈಗೆ ಸಹ.

ದೀಪ ಹಚ್ಚುವ ಮೊದಲು, ಬೆವರು ಧೂಳು ತೊಳೆಯಲು ಅವನು ಹಳೆಯ ಕಲ್ಲಿನ ಮೇಲೆಯೇ ನಿಂತು ಎರಡು ತಂಬಿಗೆ ನೀರು ಹೊಯ್ದುಕೊಂಡ. ಅಡಿಗೆಮನೆಯಿಂದ ಗುರವ್ವ ಕೂಗಿದಳು.

"ಯಪ್ಪಾ, ನಾಳಿ ಸಿಂದಗಿ ಬಸ್ಸು ಎಷ್ಟೊತ್ತಿಗಿ?"

ಸಾಬೂನಿನ ಕಣ್ಣಲ್ಲೇ ಬಸಂತರಾಯ ನಕ್ಕ. "ಇಲ್ಲವಾ. ಇನ್ನ ಆರ ತಿಂಗಳು ಸಿಂದಗೀಗಿ ಬಸ್ಸು ಇಲ್ಲ," ಎಂದು ಜೋರಾಗಿ ಹೇಳಿದ.

ಗೋಡೆಯಾಚೆ ಒಂದು ಮೊಣಕೈ ಮೆಲ್ಲಗೆ ಕೆಳಗಿಳಿದದ್ದು ಅವನಿಗೆ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಅವನು ಮೈಗೆ ಸಾಬೂನು ಹಚ್ಚಿ ಕಣ್ಣು ತೆರೆದಾಗ ಗೋಡೆಯ ಮೇಲೆ ಹದಿನೇಳು ತಲೆಗಳಿದ್ದವು. ಸಿಂದಗಿ ಸಂತೆಗೆ ಹೋಗುವವರು, ಸಿಂದಗಿ ಕೋರ್ಟಿಗೆ ಹೋಗುವವರು, ಸಿಂದಗಿಗೆ ಯಾವತ್ತೂ ಹೋಗದೆ ಇದ್ದವರು, ಎಲ್ಲರೂ ಬಸ್ಸು ಬಂದಾದದ್ದು ಯಾಕೆಂದು ಕೇಳಲು ಬಂದಿದ್ದರು. ಬಸಂತರಾಯ ತಂಬಿಗೆ ಕೆಳಗಿಟ್ಟು ಎಲ್ಲರಿಗೂ ಕೈ ಮುಗಿದ. ಆಮೇಲೆ ಬೆಳಗಿನ ಮೊದಲ ಬಸ್ಸಿನಿಂದ ಹಿಡಿದು ಒಂದೊಂದೇ ಹೊತ್ತು ಹೇಳತೊಡಗಿದ.